ಸಾವಿರಗಿವಿಗೆ ಕೇಳಿಸಿತ್ತು

ಫೆಬ್ರವರಿ 6

ಪಿಟೀಲು,

…ಆ ಕಂಡಕ್ಟರನ ಮಾತು ಅರ್ಧಕ್ಕೇ ನಿಂತಿತ್ತಲ್ಲ. ನಿನ್ನೆಯ ಕಾಗದದಲ್ಲಿ ಜಾಗ ಮುಗಿದು, ಅಂಚಿನಲ್ಲೂ ಬರೆದು, ಮಡಿಕೆಯಲ್ಲೂ ಬರೆದು, ಕೊನೆಗೆ ಅಂಟಿಸಿಬಿಟ್ಟೆ. ಕೆಳಗಿನ ಮನೆಯ ಬಸ್ ಕಂಡಕ್ಟರ್, ಅವನೇ ಸಿನಿಮಾ ಟಿಕೆಟ್ ತಂದದ್ದು. ಅರ್ಧ ಆಯುಷ್ಯ ಊರಿಗೆಲ್ಲ ಟಿಕೆಟ್ ಹರಿದುಕೊಟ್ಟವನು ತನ್ನದನ್ನು ಮಾತ್ರ ಮಡಿಸದೆ, ಬೆವರು ತಾಗದ ಹಾಗೆ ಪುಸ್ತಕದೊಳಗೆ ಇಟ್ಟುಕೊಂಡು ಬಂದಿದ್ದ. ಎದೆಯ ಮೇಲೆ ಹಿತ್ತಾಳೆಯ ಕಿವಿಬಿಲ್ಲೆ. ನಲವತ್ತೆಂಟು ವರ್ಷದ ಗಂಡಸು, ಸಾವಿರಗಿವಿ ಅಭಿಮಾನಿ ಸಂಘದ ಅಧ್ಯಕ್ಷನಂತೆ. ಕತೆ ಬರೆದದ್ದು ನನ್ನ ನಾದಿನಿ ಎಂದು ಗೊತ್ತಾದ ದಿನದಿಂದ ನನ್ನ ನೀರಿನ ಕ್ಯಾನನ್ನು ಮೂರನೆಯ ಮಹಡಿಗೆ ಅವನೇ ಹೊತ್ತು ತಂದಿಡುತ್ತಿದ್ದಾನೆ. ಮೂವತ್ತನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿದವನು ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಮನೆ ಹಿಡಿದದ್ದಕ್ಕೆ ನಿನ್ನ ಅಕ್ಕ ಇರುವ ತನಕ ನಗುತ್ತಿದ್ದಳು. ನಮ್ಮ ಇಂಗ್ಲಿಷ್ ಮೇಷ್ಟ್ರು ಇದಕ್ಕೆ ಡ್ರಮ್ಯಾಟಿಕ್ ಐರನಿ ಎನ್ನುತ್ತಿದ್ದರೋ ಬರೀ ಐರನಿಯೋ, ಎರಡು ವರ್ಷಕ್ಕೇ ಬಿ.ಎ. ಬಿಟ್ಟವನಿಗೆ ಅಷ್ಟೆಲ್ಲ ನೆನಪಿಲ್ಲ.

ಸಿನಿಮಾಕ್ಕೆ ಬರುತ್ತೇನೆ. ಮೊದಲ ಎರಡು ಭಾಗ ನನಗೂ ಬಾಯಿಪಾಠ. ಊರಿನ ಯಾವ ಮೂಲೆಯಲ್ಲಿ ಯಾರು ಅಯ್ಯೋ ಎಂದರೂ ಸಾವಿರಗಿವಿಗೆ ಕೇಳಿಸುತ್ತದೆ, ಅವನು ಹಾರಿ ಬರುತ್ತಾನೆ. ಈ ಮೂರನೆಯದರಲ್ಲೂ ಅರ್ಧ ತನಕ ಹಾಗೇ ಇತ್ತು. ಸುರಂಗಕ್ಕೆ ನೀರು ನುಗ್ಗಿತು, ನಲವತ್ತು ಜನರನ್ನು ಎಳೆದು ಹಾಕಿದ, ಜನ ಅವನನ್ನು ಹೆಗಲ ಮೇಲೆ ಹೊತ್ತರು. ನಮ್ಮ ಥಿಯೇಟರಿನಲ್ಲೂ ಕಂಡಕ್ಟರ್ ಸೀಟಿನ ಮೇಲೆ ನಿಂತು ಶಿಳ್ಳೆ ಹಾಕಿದ, ಅವನ ಮೊಣಕೈ ನನ್ನ ಕನ್ನಡಕಕ್ಕೆ ತಾಗಿತು. ಆಗಲೇ ಸಾವಿರಗಿವಿಯ ಹೆಂಡತಿ ಮನೆಯಿಂದ ಕೂಗಿದ್ದು. ನೀನು ಅವನ ಕಿವಿಯನ್ನು ಪರದೆಯ ತುಂಬ ತೋರಿಸಿದೆ. ಕೇಳಿಸಿತು ಅವನಿಗೆ. ನಕ್ಕು, ತುಟಿಯೊಳಗೇ "ಬಂದೆ ಇರೇ" ಎಂದು, ಯಾರೋ ಕೊಟ್ಟ ನೀರು ಕುಡಿಯುತ್ತಾ ಅಲ್ಲೇ ಉಳಿದ. ಮನೆಗೆ ಹೋದಾಗ ಅವಳು ಅಡುಗೆಮನೆಯ ಗೋಡೆಗೆ ಒರಗಿದ್ದಳು, ಉಸಿರಿರಲಿಲ್ಲ.

ಆಮೇಲೆ ಮುಂದಿನ ಸಾಲಿನಿಂದ ಪರದೆಗೆ ಒಂದು ಚಪ್ಪಲಿ ಹಾರಿತು. ನಮ್ಮ ಕಂಡಕ್ಟರ್ ಎದ್ದು ನಿಂತಿದ್ದ, ಕೂಗಲಿಲ್ಲ, ಮನೆಯಲ್ಲಿ ಯಾರೋ ಹೋದಾಗ ಮಾತಾಡುವ ಹಾಗೆ ತಗ್ಗಿದ ದನಿಯಲ್ಲಿ ನನ್ನನ್ನೇ ಕೇಳಿದ:

"ಕೇಳಿಸಿದ್ರೂ ಹೋಗ್ಲಿಲ್ವಾ ಅಣ್ಣಾ? ನಮ್ಮ ಸಾವಿರಗಿವಿಗೆ ಜಾಣಕಿವುಡಾ?"

ಬಾಯಿ ಒಣಗಿತ್ತು, ನೀರು ಕುಡಿಯಲು ಹೊರಗೆ ಬಂದೆ. ಅಲ್ಲಿ ಕ್ಯೂ ಇತ್ತು. ಒಳಗೆ ಬರುವ ಹೊತ್ತಿಗೆ ಮುಗಿದಿತ್ತು. ಒಟ್ಟಿನಲ್ಲಿ ಚೆನ್ನಾಗಿದೆ. ನಾಯಕ ಎತ್ತರದಿಂದ ಬಿದ್ದರೇ ಟ್ರ್ಯಾಜಿಡಿ ಎಂದು ಮೇಷ್ಟ್ರು ಹೇಳಿದ್ದರು. ಎತ್ತರದಿಂದ ಬೀಳುವುದರ ವಿಷಯದಲ್ಲಿ ನನ್ನ ಕಸುಬಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಒಂದು ಸಂದೇಹ ಮಾತ್ರ. ಆ "ಬಂದೆ ಇರೇ" ನಿನಗೆ ಎಲ್ಲಿ ಸಿಕ್ಕಿತು? ಸುಮ್ಮನೆ ಕೇಳಿದೆ.

ಭಾವ


ಫೆಬ್ರವರಿ 15

ಪ್ರೀತಿಯ ಭಾವ,

ಎರಡೂ ಕಾಗದ ಒಟ್ಟಿಗೆ ಬಂದವು. ಅಂಚಿನಲ್ಲಿ ಬರೆದದ್ದನ್ನು ಓದಲು ಕಾಗದವನ್ನು ಗಾಳಿಪಟದ ಹಾಗೆ ತಿರುಗಿಸಬೇಕಾಯಿತು. ಫೋನು ಇಲ್ಲದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ನನ್ನ ನಂಬರು ಅದು ಹೇಗೋ ಹೊರಗೆ ಬಿದ್ದ ಮೇಲೆ ಒಂದೇ ದಿನಕ್ಕೆ ಸಾವಿರದ ಇನ್ನೂರು ಕರೆ. ಬೈಯುವವರನ್ನಾದರೂ ತಡೆದುಕೊಳ್ಳಬಹುದು, ಅಳುವವರನ್ನು ತಡೆದುಕೊಳ್ಳಲು ಆಗಲಿಲ್ಲ. ಒಬ್ಬ ಹೆಂಗಸು, ಯಾವುದೋ ಆಸ್ಪತ್ರೆಯ ಆಯಾ ಅಂತೆ, ಕೇಳಿದಳು: ರಾತ್ರಿ ಪಾಳಿಯಲ್ಲಿ ಒಬ್ಬಳೇ ನಡೆದು ಬರೋವಾಗ ಅವನಿಗೆ ಕೇಳಿಸುತ್ತೆ ಅಂದ್ಕೊಂಡೇ ಬರ್ತಿದ್ದೆ, ಈಗ ಏನ್ ಅಂದ್ಕೊಂಡು ಬರ್ಲಿ? ಆವತ್ತು ಸಿಮ್ ತೆಗೆದು ಎಸೆದೆ.

ಈಗ ಸಿನಿಮಾ ಕಂಪನಿಯ ಅತಿಥಿಗೃಹದಲ್ಲಿದ್ದೇನೆ. ಒಂದು ಮಂಚ, ಒಂದು ಮೇಜು, ಮುಚ್ಚದ ಒಂದು ಕಿಟಕಿ. ಅಭಿಮಾನಿಗಳು ಎಲ್ಲ ಕಡೆ ಸಹಿ ಸಂಗ್ರಹಿಸುತ್ತಿದ್ದಾರೆ, ಆ ದೃಶ್ಯ ತೆಗೆಯಿರಿ ಎಂದು. ಕಂಪನಿಯವರು ತೆಗೆಯುವುದಿಲ್ಲವಂತೆ, ಸೇರಿಸುತ್ತಾರಂತೆ. ಎರಡು ನಿಮಿಷದ ಒಂದು ತುಣುಕು: ಸುರಂಗದ ಗಲಾಟೆಯಲ್ಲಿ ಖಳ ಬಂದು ಸಾವಿರಗಿವಿಯ ಕಿವಿಗೆ ಒಂದು ಬಿರಡೆ ಸೇರಿಸುತ್ತಾನೆ. ಆದ್ದರಿಂದ ಹೆಂಡತಿಯ ಕೂಗು ಅವನಿಗೆ ಕೇಳಿಸಲೇ ಇಲ್ಲ. "ಬಂದೆ ಇರೇ" ಹೋಗುತ್ತದೆ. ಅವನು ತಪ್ಪಿತಸ್ಥನಲ್ಲ, ಎಲ್ಲರೂ ಸುಖವಾಗಿ ಮನೆಗೆ ಹೋಗಬಹುದು. ಮಾರ್ಚ್ ಮೂವತ್ತೊಂದರೊಳಗೆ ನಾನೇ ಅದನ್ನು ಬರೆದು ಕೊಡಬೇಕು, ಇಲ್ಲವಾದರೆ ಬೇರೆಯವರು ಬರೆಯುತ್ತಾರೆ, ನಾಲ್ಕನೆಯ ಭಾಗವೂ ಅವರದೇ.

ನಿಮ್ಮ ಸಂದೇಹಕ್ಕೆ ಕಾಗದದಲ್ಲಿ ಉತ್ತರ ಕೊಡುವುದು ಕಷ್ಟ. ಇಷ್ಟು ಹೇಳಬಲ್ಲೆ: ಆ ದೃಶ್ಯ ಬರೆಯುವಾಗ ಇಡೀ ಹೊತ್ತು ನೀವು ಕಣ್ಣ ಮುಂದೆ ಇದ್ದಿರಿ. ಅಕ್ಕ ಹೋದ ಹೊತ್ತಿನಲ್ಲಿ ನೀವು ಲಿಫ್ಟಿನ ಶಾಫ್ಟಿನೊಳಗೆ ಇದ್ದಿರಿ, ಫೋನು ಟೂಲ್ ಬಾಕ್ಸಿನಲ್ಲಿತ್ತು. ನಿಮ್ಮನ್ನು ನೆನೆಸಿಕೊಂಡೇ ಆ ಮಾತು ಬರೆಯುವ ಧೈರ್ಯ ಬಂತು.

ಕೊನೆಯ ತನಕ ನೋಡಲಿಲ್ಲವೇ? ಹೋಗಿ ನೋಡಿ.

ಪಿಟೀಲು


ಫೆಬ್ರವರಿ 24

ಪಿಟೀಲು,

ನನ್ನ ಮಾತು ಕೇಳುವುದಾದರೆ ಬಿರಡೆ ಹಾಕಿಬಿಡು. ನಿನ್ನ ಗಂಟೇನು ಹೋಗುತ್ತದೆ. ಜನ ಬೇಡ ಎಂದ ಮೇಲೆ ಹಟ ಏಕೆ? ನಾಲ್ಕು ವರ್ಷ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇದ್ದುಕೊಂಡು ಕಾಲೇಜು ಓದುವಾಗಲೂ ಹೀಗೇ. ಸಿನಿಮಾಕ್ಕೆ ಹೋಗಬೇಕು ಎಂದರೆ ಸಂಜೆಯ ತನಕ ಒಂದೇ ತಂತಿಯಲ್ಲಿ ಕುಯ್ಯುತ್ತಿದ್ದೆ. ಪಿಟೀಲು ಎಂಬ ಹೆಸರು ಸುಮ್ಮನೆ ಬಂತೇ.

ಕಂಡಕ್ಟರ್ ದಿನಾ ಬಂದು ಕೂರುತ್ತಾನೆ. ಕ್ಯಾನ್ ಹೊರುವುದನ್ನು ನಿಲ್ಲಿಸಿಲ್ಲ, ಆದರೆ ಈಗ ಅದನ್ನು ಧೊಪ್ಪೆಂದು ಇಡುತ್ತಾನೆ. ಅವನ ವಾದ ಇಷ್ಟು: ಮೊದಲನೆಯ ಭಾಗದಲ್ಲಿ ಆಚೆ ದಡದ ಮಗು ಬಿಕ್ಕಳಿಸಿದ್ದು ಕೇಳಿಸಿತು, ಎರಡನೆಯದರಲ್ಲಿ ಗೋಡೆಯೊಳಗಿನ ಬೆಕ್ಕಿನ ಮರಿ ಕೇಳಿಸಿತು, ಅಂಥವನು ಸ್ವಂತ ಹೆಂಡತಿ ಕೂಗಿದರೆ ನೀರು ಕುಡಿಯುತ್ತಾ ನಿಲ್ಲುತ್ತಾನೆಯೇ. ಬರೆದವರಿಗೆ ಅವನು ಗೊತ್ತೇ ಇಲ್ಲ ಎನ್ನುತ್ತಾನೆ. ಕ್ಯಾರೆಕ್ಟರ್ ಈಸ್ ಡೆಸ್ಟಿನಿ ಎಂದೇನೋ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದರು, ಅದಕ್ಕೆ ಪರೀಕ್ಷೆಯಲ್ಲಿ ನಾನು ಎರಡು ಪುಟ ಬರೆದು ಸೊನ್ನೆ ತೆಗೆದುಕೊಂಡಿದ್ದೆ.

ನೀನು ಟೂಲ್ ಬಾಕ್ಸಿನ ಮಾತು ಎತ್ತಿದ್ದೀಯ. ಅದು ನಿನಗೆ ಸರಿಯಾಗಿ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಶಾಫ್ಟಿಗೆ ಇಳಿಯುವ ಮುಂಚೆ ಮೇನ್ ಸ್ವಿಚ್ ತೆಗೆದು ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಬಾಗಿಲಿಗೆ "ಒಳಗೆ ಮನುಷ್ಯ ಇದ್ದಾನೆ" ಎಂಬ ಬೋರ್ಡು ತೂಗುಹಾಕಬೇಕು. ಆಮೇಲೆ ಉಂಗುರ, ವಾಚು, ಫೋನು, ಮೂರನ್ನೂ ಕಳಚಿ ಟೂಲ್ ಬಾಕ್ಸಿನಲ್ಲಿಟ್ಟು ವಾಚ್‌ಮನ್ ಕೈಗೆ ಕೊಡಬೇಕು. ಎಣ್ಣೆಗೈಯಿಂದ ಫೋನು ಜಾರಿದರೆ ಶಾಫ್ಟಿನ ತಳದ ಗುಂಡಿಯಲ್ಲಿರುವವನ ತಲೆ ಹೋಗುತ್ತದೆ. ಇದು ನನ್ನ ನಿಯಮವಲ್ಲ, ಕಸುಬಿನ ನಿಯಮ. ಇಡೀ ಸರ್ವಿಸಿನಲ್ಲಿ ಒಂದು ದಿನ ತಪ್ಪಿದವನಲ್ಲ ನಾನು, ಬೇಕಾದರೆ ಯಾರನ್ನಾದರೂ ಕೇಳು. ಆವತ್ತೂ ಹಾಗೇ. ಆ ಕಟ್ಟಡದ ವಾಚ್‌ಮನ್ ಏನಾದರೂ ಬೇರೆ ಹೇಳಿದ್ದರೆ ಅವನಿಗೆ ವಯಸ್ಸಾಗಿದೆ, ನೆನಪು ಕಲಸಿರುತ್ತದೆ.

ಇರಲಿ. ಬಿರಡೆಯ ವಿಷಯ ಯೋಚನೆ ಮಾಡು. ಎರಡು ನಿಮಿಷ, ಅಷ್ಟೇ. ಕಂಡಕ್ಟರನಿಗೂ ನೆಮ್ಮದಿ, ನಿನಗೂ ಕೆಲಸ ಉಳಿಯುತ್ತದೆ. ಪೂರ್ತಿ ನೋಡಲು ಇನ್ನೂ ಹೋಗಿಲ್ಲ, ಮಂಡಿ ನೋವು.

ಭಾವ


ಮಾರ್ಚ್ 3

ಪ್ರೀತಿಯ ಭಾವ,

ಯಾವ ವಾಚ್‌ಮನ್? ನನಗೆ ಅರ್ಥವಾಗಲಿಲ್ಲ. ನೀವು ನಿಯಮ ತಪ್ಪಿದಿರಿ ಎಂದು ಯಾರು ಹೇಳಿದರು?

ನನ್ನ ಕೆಲಸದ ಚಿಂತೆ ನಿಮಗಿದೆ, ಅದು ಗೊತ್ತು. ಆದರೆ ಬಿರಡೆಯನ್ನು ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಕೈ ಓಡಲಿಲ್ಲ. ಕೇಳಿಸದವನ ಕತೆಯಲ್ಲಿ ಹೇಳುವುದಕ್ಕೆ ಏನೂ ಇಲ್ಲ ಭಾವ. ಕೇಳಿಸಿತ್ತು, ಆಮೇಲೆ ಎಂದುಕೊಂಡ, ಅಷ್ಟೇ ಕತೆ. ಲೋಕದಲ್ಲಿ ಮುಕ್ಕಾಲು ಪಾಲು ಜನ ಹಾಗೇ ಇದ್ದಾರೆ, ಅವರಲ್ಲಿ ಯಾರಿಗೂ ಖಳ ಬಂದು ಬಿರಡೆ ಹಾಕಿರಲಿಲ್ಲ.

ಇಲ್ಲಿ ಯಾರೂ ನನ್ನ ಕಡೆ ಇಲ್ಲ. ಕ್ಯಾಮೆರಾದವರೂ ಈಗ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಫೋನು ನೋಡುತ್ತಾ ನಿಲ್ಲುತ್ತಾರೆ. ನೀವೊಬ್ಬರು "ಬರೆದದ್ದು ಸರಿ" ಎಂದು ಒಂದು ಸಾಲು ಬರೆದರೆ ಸಾಕು, ನಾನು ಹಟ ಹಿಡಿದು ಕೂತುಬಿಡುತ್ತೇನೆ.

ಪಿಟೀಲು


ಮಾರ್ಚ್ 19

ಭಾವನವರಿಗೆ,

ಹದಿನಾರು ದಿನ ಅಂಚೆಯವನ ದಾರಿ ನೋಡಿದೆ. ನಿಮ್ಮ ಸಾಲು ಬೇರೆ ದಾರಿಯಲ್ಲಿ ಬಂತು.

ಇವತ್ತು ಕಂಪನಿಯ ಮೀಟಿಂಗಿನಲ್ಲಿ ಅಭಿಮಾನಿಗಳ ಸಹಿಯ ಕಟ್ಟು ತಂದು ಮೇಜಿನ ಮೇಲಿಟ್ಟರು. ನಲವತ್ತೊಂದನೆಯ ಹಾಳೆಗೆ ಹಳದಿ ಚೀಟಿ ಅಂಟಿಸಿದ್ದರು. ಅದರಲ್ಲಿ ನಿಮ್ಮ ಸಹಿ, ಪಕ್ಕದಲ್ಲಿ "ಲಿಫ್ಟ್ ಮೆಕ್ಯಾನಿಕ್, ನಿವೃತ್ತ", ಅದರ ಪಕ್ಕದಲ್ಲಿ ಬೇರೆ ಅಕ್ಷರದಲ್ಲಿ "ಕತೆಗಾರ್ತಿಯ ಸ್ವಂತ ಭಾವ". ಯಜಮಾನರು ನಗುತ್ತಲೇ ಹೇಳಿದರು: "ನಿಮ್ಮ ಮನೆಯವರಿಗೇ ಬೇಡವಂತಲ್ಲಮ್ಮಾ."

ಒಂದು ಸಾಲು ಕೇಳಿದ್ದೆ. ಬರೆಯಲು ಕೈ ಬರದಿದ್ದರೆ ಸುಮ್ಮನಿರಬಹುದಿತ್ತು.

ಮೂವತ್ತೊಂದಕ್ಕೆ ಬಿರಡೆ ಬರೆದು ಕೊಡುತ್ತೇನೆ.


ಮಾರ್ಚ್ 24

ಪಿಟೀಲು,

ಬರೆಯಬೇಡ. ಈ ಕಾಗದ ಮೂವತ್ತೊಂದರ ಮೊದಲು ನಿನ್ನ ಕೈ ಸೇರಲಿ ಎಂದು ದೊಡ್ಡ ಅಂಚೆ ಕಚೇರಿಗೇ ಹೋಗಿ ರಿಜಿಸ್ಟರ್ ಮಾಡಿಸುತ್ತೇನೆ.

ಸಹಿ ನನ್ನದೇ. ಯಾರೂ ಬಲವಂತ ಮಾಡಲಿಲ್ಲ. ಕಂಡಕ್ಟರ್ ಹಾಳೆ ಹಿಡಿದು ಬಾಗಿಲಲ್ಲಿ ನಿಂತಿದ್ದ, ಮನೆ ಸಂಬಂಧ ಕೆಡುವುದಾದರೆ ಬೇಡ ಎಂದು ಅವನೇ ಹೇಳಿದ. ನಾನೇ ಪೆನ್ನು ಕಿತ್ತುಕೊಂಡೆ. ಸಾವಿರಗಿವಿಯ ಕಿವಿಗೆ ಒಂದು ಬಿರಡೆ ಸಿಕ್ಕರೆ ನನಗೂ ಒಂದು ಸಿಕ್ಕೀತು ಅನ್ನಿಸಿತು. ಎಷ್ಟು ದಡ್ಡತನದ ಮಾತು ನೋಡು, ಆದರೆ ಪೆನ್ನು ಹಿಡಿದಾಗ ತಲೆಯಲ್ಲಿ ಇದ್ದದ್ದು ಅದೇ.

ಟೂಲ್ ಬಾಕ್ಸಿನ ಕತೆ ಹನ್ನೊಂದು ಗಂಟೆಯ ತನಕ ನಿಜ. ಎಂಟು ಮಹಡಿಯ ಕಟ್ಟಡ. ನಾಲ್ಕು ಮತ್ತು ಐದರ ನಡುವೆ ಒಬ್ಬ ಬಾಣಂತಿ ಕೂಸಿನೊಂದಿಗೆ ಒಂದು ಗಂಟೆ ಸಿಕ್ಕಿಬಿದ್ದಿದ್ದಳು. ಲಿಫ್ಟಿನ ಚಕ್ರವನ್ನು ಕೈಯಿಂದ ತಿರುಗಿಸಿ ಇಂಚಿಂಚು ಇಳಿಸಿ ಇಬ್ಬರನ್ನೂ ಹೊರಗೆ ತಂದೆ. ಹನ್ನೊಂದಕ್ಕೆ ಬೋರ್ಡು ತೆಗೆದೆ. ಕೈ ತೊಳೆದು ಮೊದಲು ಉಂಗುರ, ಆಮೇಲೆ ವಾಚು, ಆಮೇಲೆ ಫೋನು ಅಂಗಿಯ ಜೇಬಿಗೆ. ಮನೆಗೆ ಹೊರಡಬಹುದಿತ್ತು, ಹತ್ತು ನಿಮಿಷದ ದಾರಿ. ಆದರೆ ಕಟ್ಟಡದವರು ಸುತ್ತ ಸೇರಿದ್ದರು, ಬಾಣಂತಿಯ ಅತ್ತೆ ಕೈಮುಗಿದಳು, ವಾಚ್‌ಮನ್ ತನ್ನ ಕುರ್ಚಿ ಬಿಟ್ಟುಕೊಟ್ಟ, ಯಾರೋ ಚಹಾ ತಂದರು, ಯಾರೋ ಫೋಟೋ ತೆಗೆದರು. ನನ್ನ ಸರ್ವಿಸಿನಲ್ಲಿ ಲಿಫ್ಟ್ ಕೆಟ್ಟಾಗ ಬೈದವರಿದ್ದಾರೆ, ಸರಿಯಾದಾಗ ಕುರ್ಚಿ ಕೊಟ್ಟವರು ಅವರೇ ಮೊದಲು.

ಆಗ ಫೋನು ಬಡಿದುಕೊಂಡಿತು. ಅವಳ ಹೆಸರು. ವಾಚ್‌ಮನ್‌ಗೆ ತೋರಿಸಿ, ಮನೆ ಸರ್ಕಾರ ಎಂದು ನಕ್ಕು, ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಒಟ್ಟು ನಾಲ್ಕು ಸಲ. ನಿನಗೆ ಗೊತ್ತು ಅವಳು ಎಂಥವಳು, ಡಬ್ಬಿಯ ಮುಚ್ಚಳ ಬಿಗಿಯಾಯಿತು ಎಂದೂ ಮೂರು ಸಲ ಫೋನು ಮಾಡುವವಳು. ಅರ್ಧ ಗಂಟೆಯಲ್ಲಿ ಹೋಗುತ್ತೇನಲ್ಲ, ಮುಚ್ಚಳ ಆಗ ತೆಗೆದರಾಯಿತು ಎಂದುಕೊಂಡೆ. ಇನ್ನೊಂದು ಚಹಾ ಕುಡಿದೆ. ಸ್ವಲ್ಪ ಮುಂಚೆ ತಂದಿದ್ದರೆ ಎಂದು ಆಸ್ಪತ್ರೆಯ ಡಾಕ್ಟರ್ ಹೇಳಿದ್ದು ಫೋನಿನಲ್ಲಿ ನಿನಗೂ ಕೇಳಿಸಿತ್ತು. ಆಗ ನನ್ನ ಬಾಯಿಂದ ತಾನಾಗಿ ಬಂದದ್ದು ಟೂಲ್ ಬಾಕ್ಸ್. ಒಂದು ಸಲ ಹೇಳಿದ ಮೇಲೆ ಎರಡೂವರೆ ವರ್ಷ ಅದನ್ನೇ ಹೇಳಿದೆ.

ಹನ್ನೊಂದನೆಯ ದಿನ ಆ ವಾಚ್‌ಮನ್ ಮನೆಗೆ ಬಂದು ಮೆಟ್ಟಿಲ ಮೇಲೆ ನಿನ್ನ ಜೊತೆ ಬಹಳ ಹೊತ್ತು ಮಾತಾಡಿದ. ಅವತ್ತೇ ನಿನಗೆ ತಿಳಿಯಿತು ಎಂದು ನಾನು ನಂಬಿದೆ. ನೀನು ಬಾಯಿ ಬಿಟ್ಟು ಹೇಳಲಿಲ್ಲ, ಸಿನಿಮಾದಲ್ಲಿ ಹೇಳಿದೆ ಎಂದುಕೊಂಡೆ. ಸುತ್ತ ಸೇರಿದ ಜನ, ಕುಡಿಯಲು ಕೊಟ್ಟ ಲೋಟ ಎಲ್ಲ ಹಾಗೇ ಇತ್ತು. ಅದಕ್ಕೇ ಥಿಯೇಟರಿನಿಂದ ನೀರು ಕುಡಿಯುವ ನೆಪದಲ್ಲಿ ಎದ್ದು ಬಂದದ್ದು, ಕ್ಯೂ ಇರಲಿಲ್ಲ.

ನೀನು ಬರೆದದ್ದು ಸರಿ. ಕೇಳಿದ್ದ ಸಾಲು ಇದು. ತಡವಾಗಿ ಬಂತು, ಅದು ನನ್ನ ಅಭ್ಯಾಸ.

ಭಾವ


ಮಾರ್ಚ್ 31

ಭಾವ,

ನಿಮ್ಮ ಕಾಗದ ಇಪ್ಪತ್ತೊಂಬತ್ತಕ್ಕೆ ಬಂತು. ಎರಡು ದಿನ ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟಿದ್ದೆ.

ವಾಚ್‌ಮನ್ ಅವತ್ತು ನನಗೆ ಹೇಳಿದ್ದು ಒಂದೇ ವಿಷಯ, ಆ ಕೂಸಿಗೆ ನಾಮಕರಣ ಆಯಿತು ಎಂದು. ನಿಮಗೆ ಹೇಳಲು ಬಂದವನು ನಿಮ್ಮ ಮುಖ ನೋಡಿ ನನಗೆ ಹೇಳಿ ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಿರಿ ನೀವು. ಕುಂಬಳಕಾಯಿ ಕದ್ದವಳು ನಾನು ಎಂದು ಬರೆದದ್ದು ಆ ದೃಶ್ಯ.

ತೀರಿಕೊಂಡ ದಿನ ಅಕ್ಕ ನನಗೂ ಫೋನು ಮಾಡಿದ್ದಳು. ಹನ್ನೊಂದು ಹತ್ತಕ್ಕೆ. ಎರಡನೆಯ ಭಾಗದ ಕತೆಯ ಮೀಟಿಂಗು, ನಾನು ಹೇಳಿದ ಒಂದು ತಿರುವಿಗೆ ಎಲ್ಲರೂ ಮೇಜು ಕುಟ್ಟುತ್ತಿದ್ದರು. ಫೋನು ಅಲುಗಾಡಿತು, ಹೆಸರು ನೋಡಿದೆ, "ಬಂದೆ ಇರೇ" ಎಂದು ಅದಕ್ಕೇ ಹೇಳಿ ಮಗುಚಿ ಇಟ್ಟೆ. ಎಲ್ಲರೂ ನಕ್ಕರು. ಸಂಜೆ ನಿಮ್ಮ ಕರೆ ಬಂದಾಗಲೂ ಅದು ಮಗುಚಿಯೇ ಇತ್ತು.

ನೀವು ಶಾಫ್ಟಿನಲ್ಲಿದ್ದಿರಿ, ನಿಮಗೆ ಕೇಳಿಸುವಂತಿರಲಿಲ್ಲ ಎಂದು ನಂಬಿದ್ದೆ. ಹಾಗಾದರೆ ಅವಳ ಕರೆ ಮುಟ್ಟಬಹುದಾಗಿದ್ದ ಕಿವಿ ಲೋಕದಲ್ಲಿ ಒಂದೇ, ನನ್ನದು. ನಿಮ್ಮನ್ನು ಕಣ್ಣ ಮುಂದೆ ಇಟ್ಟುಕೊಂಡದ್ದು ಅದಕ್ಕೆ. ಅಡುಗೆಮನೆಯೂ ಗೋಡೆಯೂ ನಿಮ್ಮದಾದರೂ ಯಾರೂ ನಿಮ್ಮ ಕಡೆ ಬೆರಳು ತೋರಿಸಲಾರರು ಎಂಬ ಧೈರ್ಯ ಅದು. ತಪ್ಪಿಲ್ಲದ ಒಬ್ಬರಾದರೂ ಮನೆಯಲ್ಲಿ ಇದ್ದಾರೆ ಎಂದು ಒಂದು ಸಮಾಧಾನವಿತ್ತು. ಅದೂ ಹೋಯಿತು. ನಿಮ್ಮ ಮೇಲೆ ಸಿಟ್ಟು ಬಂದಿದೆ, ಸುಳ್ಳು ಏಕೆ ಹೇಳಲಿ. ಯಾವ ಬಾಯಲ್ಲಿ ಬೈಯಲಿ ಎಂದೂ ಗೊತ್ತಾಗುತ್ತಿಲ್ಲ.

ಇವತ್ತು ಬೆಳಿಗ್ಗೆ ಕಂಪನಿಗೆ ಹೋಗಿ, ಬಿರಡೆ ಬರೆಯುವುದಿಲ್ಲ ಎಂದೆ. ಅವರು ಆಗಲೇ ಬೇರೆಯವರ ಕೈಲಿ ಬರೆಸಿ ಶೂಟಿಂಗನ್ನೂ ಮುಗಿಸಿದ್ದರು. ನಾಲ್ಕನೆಯ ಭಾಗದಲ್ಲಿ ಸಾವಿರಗಿವಿಗೆ ಹೊಸ ಹೆಂಡತಿಯಂತೆ, ಅವಳಿಗೂ ಏನೋ ಶಕ್ತಿ ಇದೆಯಂತೆ. ನಾಳೆ ಈ ಕೋಣೆ ಬಿಡಬೇಕು. ಹಳೆಯ ಗೆಳತಿಯೊಬ್ಬಳ ಮನೆಗೆ ಹೋಗುತ್ತೇನೆ, ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಒಂದೇ ಒಂದು ಪ್ರಶ್ನೆ, ಬೇರೆ ಯಾರನ್ನು ಕೇಳಲಿ. ಆ ಹನ್ನೊಂದು ಹತ್ತರ ಕರೆಯನ್ನು ನಾನು ಎತ್ತಿದ್ದರೆ?

ಪಿಟೀಲು


ಏಪ್ರಿಲ್ 7

ಪಿಟೀಲು,

…ಅದಕ್ಕೇ ಕಿಟಕಿಯ ಪಕ್ಕಕ್ಕೆ ಮೇಜು ಎಳೆದುಕೊಂಡು ಕೂತಿದ್ದೇನೆ. ನಿನ್ನೆಯಿಂದ ನಿನ್ನ ಜೊತೆ ಮನಸ್ಸಿನಲ್ಲೇ ಮಾತಾಡಿ ಮಾತಾಡಿ ಯಾವುದು ಬರೆದೆ, ಯಾವುದು ಬರೆದಿಲ್ಲ ಎಂಬುದೇ ತಿಳಿಯುತ್ತಿಲ್ಲ.

ನಿನ್ನೆ ಸಿನಿಮಾ ಪೂರ್ತಿ ನೋಡಿದೆ. ಈ ಥಿಯೇಟರಿಗೆ ಬಿರಡೆಯದು ಇವತ್ತಿನಿಂದ ಬರುತ್ತದಂತೆ, ನಿನ್ನೆ ನಿನ್ನದಕ್ಕೆ ಕೊನೆಯ ಆಟ. ಏಳು ಜನ ಇದ್ದೆವು, ಅದರಲ್ಲಿ ಇಬ್ಬರು ನಿದ್ದೆ. ಅವಳನ್ನು ನೋಡಿದ ಮೇಲೆ ಅವನು ಅಳುತ್ತಾನೆ ಎಂದುಕೊಂಡಿದ್ದೆ. ಅಳಲಿಲ್ಲ, ಒಲೆ ಆರಿದೆಯೇ ಎಂದು ಮುಟ್ಟಿ ನೋಡಿದ. ನಾನೂ ಮುಟ್ಟಿ ನೋಡಿದ್ದೆ. ಅದನ್ನು ನಿನಗೆ ಯಾರೂ ಹೇಳಿರಲಾರರು. ಆಮೇಲೆ ಆ ವೇಷದ ಅಂಗಿ ಬಿಚ್ಚಿ ಮಡಿಸಿಟ್ಟು ಸ್ಟೂಲಿನ ಮೇಲೆ ಕೂತ, ಹೊರಗೆ ಊರೆಲ್ಲ ಕೂಗುತ್ತಿತ್ತು, ಎಲ್ಲವೂ ಅವನಿಗೆ ಕೇಳಿಸುತ್ತಿತ್ತು. ಇದಕ್ಕೆ ಪ್ಯಾಥೆಟಿಕ್ ಫ್ಯಾಲಸಿ ಎನ್ನುತ್ತಾರೆ ಎಂದು ನನ್ನ ನೆನಪು, ಕರುಣಾಜನಕ ತಪ್ಪು ಎಂದಿರಬೇಕು ಅರ್ಥ. ಅಲ್ಲದಿದ್ದರೆ ನಗಬೇಡ.

ಮನೆಗೆ ಬಂದು ಕಂಡಕ್ಟರನ ಬಾಗಿಲು ತಟ್ಟಿದೆ. ಡ್ಯೂಟಿ ಮುಗಿಸಿ ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ನನ್ನ ಹೆಸರು ಹೊಡೆದುಹಾಕು ಎಂದೆ. ಹಾಳೆಗಳು ಎಂದೋ ಹೋದವು ಅಣ್ಣಾ ಎಂದ. ಹಾಗಾದರೆ ಕೇಳಿಸಿಕೋ ಎಂದು ಕುರ್ಚಿ, ಚಹಾ, ನಾಲ್ಕು ಸಲ ಕತ್ತರಿಸಿದ್ದು ಎಲ್ಲವನ್ನೂ ನಿಂತುಕೊಂಡೇ ಹೇಳಿದೆ. ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲ ಬಳಿ ನಿಂತಳು. ಅವನು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ನೀವು ಬಿಡಿ ಅಣ್ಣಾ, ನೀವು ಮನುಷ್ಯರು," ಎಂದ. "ಅವನೂ ನಮ್ಮ ಹಾಗೇ ಆಗ್ಬಿಟ್ರೆ ನಾವು ಯಾರನ್ನ ಕೂಗೋದು?"

ಅವನು ಹೇಳಿದ್ದೂ ಸರಿ, ನೀನು ಬರೆದದ್ದೂ ಸರಿ. ಇವತ್ತು ಬೆಳಿಗ್ಗೆ ಕ್ಯಾನ್ ಬಂತು, ಮೆಲ್ಲಗೆ ಇಟ್ಟು ಹೋಗಿದ್ದಾನೆ.

ಈಗ ನಿನ್ನ ಪ್ರಶ್ನೆ. ಇದಕ್ಕೆ ಮಾತ್ರ ಮೇಷ್ಟ್ರೂ ಬೇಡ, ಇಂಗ್ಲಿಷೂ ಬೇಡ.

ಆ ಹಳೆಯ ಫೋನು ನನ್ನ ಹತ್ತಿರವೇ ಇದೆ. ಅವತ್ತಿನಿಂದ ಅದರಲ್ಲಿ ಏನನ್ನೂ ಅಳಿಸಿಲ್ಲ. ಎರಡು ದಿನ ಚಾರ್ಜಿಗೆ ಹಾಕಿ ಎಬ್ಬಿಸಿದೆ. ನನಗೆ ಬಂದ ಕರೆ ಹನ್ನೊಂದು ಐದು, ಹನ್ನೊಂದು ಏಳು, ಹನ್ನೊಂದು ಇಪ್ಪತ್ತು, ಹನ್ನೊಂದು ಇಪ್ಪತ್ತಾರು. ನಿನ್ನದು ನಡುವಿನ ಹನ್ನೊಂದು ಹತ್ತು. ನೀನು ಎತ್ತಲಿಲ್ಲ ಎಂದು ಅವಳು ಅಲ್ಲಿಗೇ ಮುಗಿಸಲಿಲ್ಲ. ಆಮೇಲೂ ಹದಿನಾರು ನಿಮಿಷ ಇದ್ದಳು, ಎರಡು ಸಲ ಬೆರಳಿಟ್ಟು ನನ್ನ ಹೆಸರು ಒತ್ತಿದಳು.

ನೀನು ಎತ್ತಿದ್ದೆ ಎಂದೇ ಇಟ್ಟುಕೋ. ಎಂಟುನೂರು ಕಿಲೋಮೀಟರ್ ಆಚೆ ಕೂತು ಏನು ಮಾಡುತ್ತಿದ್ದೆ? ಆಗ ಇನ್ನೂ ಈ ಕಂಡಕ್ಟರ್ ಬಂದಿರಲಿಲ್ಲ, ಕೆಳಗಿನ ಮನೆಗೆ ಬೀಗ. ನಿನಗೆ ಗೊತ್ತಿದ್ದ ಒಂದೇ ಒಂದು ನಂಬರು ನನ್ನದು. ನನಗೆ ಮಾಡುತ್ತಿದ್ದೆ. ನಾನು ಚಹಾದ ಲೋಟ ಈ ಕೈಯಲ್ಲಿ ಹಿಡಿದು ಆ ಕೈಯಲ್ಲಿ ನಿನ್ನ ಹೆಸರು ನೋಡಿ, ಇನ್ನು ಪಿಟೀಲು ಬೇರೆ ಶುರುವಾಯಿತು ಎಂದು ವಾಚ್‌ಮನ್‌ಗೆ ತೋರಿಸಿ ಕತ್ತರಿಸುತ್ತಿದ್ದೆ. ಅಂದಾಜಿನ ಮಾತಲ್ಲ. ಅವತ್ತಿನ ನನ್ನನ್ನು ನಾನು ಚೆನ್ನಾಗಿ ಬಲ್ಲೆ. ನೀನು ಎತ್ತಿದ್ದರೂ ಅವಳ ಕೂಗು ಬಂದು ನಿಲ್ಲುತ್ತಿದ್ದದ್ದು ನನ್ನ ಜೇಬಿನಲ್ಲೇ.

ಆದ್ದರಿಂದ ಈ ತಪ್ಪನ್ನು ಇಬ್ಬರ ನಡುವೆ ಪಾಲು ಮಾಡಲು ಬರುವುದಿಲ್ಲ. ನೀನು ಕೇಳಿದರೂ ಕೊಡುವುದಿಲ್ಲ, ಇದು ಪೂರ್ತಿ ನನ್ನದು. ಸಿಟ್ಟನ್ನು ಇಟ್ಟುಕೋ, ಅದರ ಬಗ್ಗೆ ತಕರಾರಿಲ್ಲ. ಆ ಗೆಳತಿಯ ಮನೆಯಲ್ಲಿ ಜಾಗ ಸಾಲದಿದ್ದರೆ ಮುಂದಿನ ಕೋಣೆ ಖಾಲಿಯೇ ಇದೆ, ಮೂರು ಮಹಡಿ ಹತ್ತಬೇಕು ಅಷ್ಟೇ. ಮೇಜು ಹಾಕಿಕೊಂಡು ಬರೆಯಬಹುದು, ಸಾವಿರಗಿವಿಯದ್ದಲ್ಲದಿದ್ದರೆ ಬೇರೆ ಏನಾದರೂ. ನಿನ್ನ ಅಕ್ಕನ ಬಗ್ಗೆ ಹೇಳಬೇಕಾದದ್ದು ಇನ್ನೂ ಇದೆ, ಅವತ್ತು ಬೆಳಿಗ್ಗೆ ನಾನು ಹೊರಡುವಾಗ ಬಾಗಿಲಲ್ಲಿ ನಿಂತು ಅವಳು…

ಬೆಳಕು ಹೋಗುತ್ತಿದೆ, ಸಾಲಿನ ಮೇಲೆ ಸಾಲು ಹತ್ತುತ್ತಿದೆ. ಇಲ್ಲಿಗೆ ಸಾಕು, ಉಳಿದದ್ದು ನಾಳೆ.

ಭಾವ